ಥಿಯೇಟರ್‌ನಲ್ಲಿ ಫೋನ್ ಬೆಳಕು, ಮನೇಲಿ ಪಾಜ್ ಬಟನ್: ನೀವು ಸಿನಿಮಾ ನೆಟ್ಟಗೆ ನೋಡೋದು ಎಲ್ಲಿ?

ವಿಜಯನಗರದ ಸೊಸೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಹೋದ ಶನಿವಾರ ಮನೆಯವರೆಲ್ಲ ಮಲ್ಟಿಪ್ಲೆಕ್ಸ್‌ಗೆ ಹೋಗಿದ್ದೆವು. ನಾನು, ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ಕನ್ನಡ ಸಿನಿಮಾ. ಮುಂದಿನ ಸಾಲಿನಲ್ಲಿ ಕೂತಿದ್ದವರು ಟೈಟಲ್ ಕಾರ್ಡ್‌ನಿಂದಲೇ ಫೋನ್ ಎತ್ತಿ ವಿಡಿಯೋ ಮಾಡಲು ಶುರು ಮಾಡಿದರು. ಹೀರೋ ಎಂಟ್ರಿ, ವಿಡಿಯೋ. ಹಾಡು, ವಿಡಿಯೋ. ಆಮೇಲೆ ಅದನ್ನೇ ಸ್ಟೇಟಸ್ ಹಾಕುತ್ತಾ, ಯಾರು ನೋಡಿದರು ಅಂತ ಚೆಕ್ ಮಾಡುತ್ತಾ ಕೂತರು. ಬ್ರೈಟ್‌ನೆಸ್ ಪೂರ್ತಿ. ಕತ್ತಲೆ ಸೀನ್ ಬಂದಾಗ ನನಗೆ ಪರದೆಗಿಂತ ಅವರ ಫೋನೇ ಜಾಸ್ತಿ ಕಾಣುತ್ತಿತ್ತು. "ಸರ್, ಸ್ವಲ್ಪ ಫೋನ್ ಒಳಗಿಡ್ತೀರಾ?" ಅಂದೆ. "ಅಷ್ಟು ತೊಂದರೆ ಆದ್ರೆ ಮನೇಲೇ ನೋಡ್ಕೊಳ್ಳಿ ಮೇಡಂ" ಅಂದರು.

ಮನೆಯಲ್ಲಿ ನೋಡೋಣ ಅಂದರೆ ಅಲ್ಲಿ ಒಂದು ಸಿನಿಮಾ ಒಂದೇ ಸಲಕ್ಕೆ ಮುಗಿಯುವುದೇ ಇಲ್ಲ. ಕುಕ್ಕರ್ ಕೂಗಿತು, ಪಾಜ್. ಡೆಲಿವರಿಯವರು ಬಂದರು, ಪಾಜ್. ಮಗಳಿಗೆ ನೀರು, ಪಾಜ್. ಯಜಮಾನರದ್ದು ಒಂದು ಕಣ್ಣು ಟಿವಿ ಮೇಲೆ, ಇನ್ನೊಂದು ಆಫೀಸ್ ಮೆಸೇಜ್ ಮೇಲೆ. ಹತ್ತು ನಿಮಿಷ ಬಿಟ್ಟು "ಇವನ್ಯಾರು?" ಅಂತ ಕೇಳುತ್ತಾರೆ. ಎರಡೂವರೆ ಗಂಟೆಯ ಸಿನಿಮಾ ಮೂರು ರಾತ್ರಿ ಎಳೆಯುತ್ತದೆ. ಕೊನೆಗೆ ಕಥೆ ಗೊತ್ತಾಗಿರುತ್ತದೆ, ಸಿನಿಮಾ ನೋಡಿದ ಹಾಗೆ ಅನ್ನಿಸುವುದಿಲ್ಲ.

ಈಗ ಯಜಮಾನರು ಪ್ರೊಜೆಕ್ಟರ್ ತರೋಣ, ಥಿಯೇಟರ್ ಸಹವಾಸವೇ ಬೇಡ ಅನ್ನುತ್ತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ನೀವೆಲ್ಲ ಹೇಗೆ ನೋಡುತ್ತೀರಿ?

ಹೆಬ್ಬಾಳ ಫ್ಲೈಓವರ್
ಮೇಡಂ, ಇನ್ನೊಂದು ಸಲ ಹೀಗಾದರೆ ಅವರ ಹತ್ತಿರ ವಾದ ಮಾಡಬೇಡಿ. ಎದ್ದು ಹೋಗಿ ಸಿಬ್ಬಂದಿಗೆ ಹೇಳಿ. ಥಿಯೇಟರ್‌ನಲ್ಲಿ ಪರದೆಯನ್ನು ರೆಕಾರ್ಡ್ ಮಾಡುವುದು ಅಪರಾಧ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ತಂದು, 3 ತಿಂಗಳಿಂದ 3 ವರ್ಷದವರೆಗೆ ಜೈಲು ಮತ್ತು ಕನಿಷ್ಠ 3 ಲಕ್ಷ ದಂಡ ಅಂತ ಮಾಡಿದ್ದಾರೆ. ಸ್ಟೇಟಸ್ ಹಾಕಿದವರನ್ನೆಲ್ಲ ಜೈಲಿಗೆ ಹಾಕಲಿ ಅಂತ ನಾನು ಹೇಳುತ್ತಿಲ್ಲ. ಆದರೆ ಸಿಬ್ಬಂದಿ ಬಂದು ಟಾರ್ಚ್ ಬಿಟ್ಟು "ರೆಕಾರ್ಡಿಂಗ್ ಮಾಡೋ ಹಾಗಿಲ್ಲ" ಅಂದರೆ ಸಾಕು, ಫೋನ್ ಜೇಬಿಗೆ ಹೋಗುತ್ತದೆ.

ಬಾಲ್ಕನಿ ಟಿಕೆಟ್
ಬರೀ ಫೋನ್ ಅಲ್ಲ. ನಮ್ಮ ಊರಿನ ಪ್ರೇಕ್ಷಕರಿಗೆ ಶಿಸ್ತೇ ಇಲ್ಲ. ಶಿಳ್ಳೆ, ಕೂಗಾಟ, ಪರದೆ ಮುಂದೆ ಡ್ಯಾನ್ಸ್, ಪೇಪರ್ ತೂರುವುದು. ದುಡ್ಡು ಕೊಟ್ಟು ಹೋಗಿ ಒಂದು ಡೈಲಾಗೂ ಕೇಳಿಸುವುದಿಲ್ಲ. ಜೆ.ಪಿ. ನಗರದ ರಂಗಶಂಕರ ನೋಡಿ. 2004ರಲ್ಲಿ ಶುರುವಾದಾಗಿನಿಂದ ಒಂದೇ ನಿಯಮ: ನಾಟಕ ಶುರುವಾದ ಮೇಲೆ ಬಂದವರಿಗೆ ಒಳಗೆ ಬಿಡುವುದಿಲ್ಲ. ಸಭಾಂಗಣದೊಳಗೆ ತಿಂಡಿ ಇಲ್ಲ. ಅದೇ ಬೆಂಗಳೂರಿನ ಜನ ಅಲ್ಲಿ ಎಷ್ಟು ಚೆನ್ನಾಗಿ ಕೂರುತ್ತಾರೆ! ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿಯಲ್ಲೂ ಅಷ್ಟೆ. 1971ರಿಂದ ಇದೆ, ಅಲ್ಲಿ ಯಾರೂ ಪಕ್ಕದವರಿಗೆ ಕಥೆ ಹೇಳುವುದಿಲ್ಲ. ಥಿಯೇಟರ್‌ನಲ್ಲೂ ಇದೇ ನಿಯಮ ಬರಬೇಕು.

ಸೆಕೆಂಡ್ ಶೋ
ಬಾಲ್ಕನಿಯವರೇ, ಫೋನ್ ಮತ್ತು ಶಿಳ್ಳೆಯನ್ನು ಒಂದೇ ಗಂಟು ಕಟ್ಟಬೇಡಿ. ಎರಡಕ್ಕೂ ಅಜಗಜಾಂತರ.

ಶಿಳ್ಳೆ ಹೊಡೆಯುವವನು ಸಿನಿಮಾ ನೋಡುತ್ತಿದ್ದಾನೆ. ಕಣ್ಣು, ಕಿವಿ, ಮನಸ್ಸು ಎಲ್ಲ ಪರದೆ ಮೇಲೆ ಇಟ್ಟಿರುವುದರಿಂದಲೇ ಅವನಿಗೆ ಯಾವ ಜಾಗದಲ್ಲಿ ಹೊಡೆಯಬೇಕು ಅಂತ ಗೊತ್ತು. ಫೋನ್ ನೋಡುವವನು ಥಿಯೇಟರ್ ಒಳಗೆ ಇದ್ದೂ ಇಲ್ಲ. ನನ್ನ ಕೋಪ ಅವನ ಮೇಲೆ.

ನಾನು ಕೆ.ಜಿ. ರಸ್ತೆಯಲ್ಲಿ ಸಿನಿಮಾ ನೋಡಿ ಬೆಳೆದವನು. ನರ್ತಕಿ, ಸಂತೋಷ್, ತ್ರಿಭುವನ್, ಸಾಗರ್, ಮೇನಕಾ. ಮೊದಲ ದಿನ ಕಟೌಟ್‌ಗೆ ಹಾರ, ಹಾಲು, ಪಟಾಕಿ, ಆಮೇಲೆ ಒಳಗೆ. ಮೊದಲ ಹತ್ತು ನಿಮಿಷ ಗದ್ದಲ ನಿಜ. ಆದರೆ ಮುಂದಿನ ಬೆಂಚಿನ ಗಾಂಧಿ ಕ್ಲಾಸ್‌ನವರಿಗೆ ಯಾವಾಗ ಸುಮ್ಮನಾಗಬೇಕು ಅನ್ನುವುದೂ ಗೊತ್ತಿತ್ತು. ತಾಯಿ ಸಾಯುವ ಸೀನ್‌ನಲ್ಲಿ ಯಾರಾದರೂ ಕೂಗಿದರೆ ಪಕ್ಕದವರೇ "ಲೇ, ಸುಮ್ನಿರೋ" ಅಂತ ಬೈಯುತ್ತಿದ್ದರು. 2022ರಲ್ಲಿ ಕಾಂತಾರ ನೋಡಿದವರು ನೆನಪು ಮಾಡಿಕೊಳ್ಳಿ. ಅಲ್ಲಿವರೆಗೆ ಶಿಳ್ಳೆ ಹೊಡೆಯುತ್ತಿದ್ದ ಹುಡುಗರೇ ಕೊನೆಯ ಭಾಗದಲ್ಲಿ ಉಸಿರು ಬಿಗಿ ಹಿಡಿದು ಕೂತಿದ್ದರು. ಅಲ್ಲಿ ಯಾವ ನಿಯಮದ ಬೋರ್ಡೂ ಇರಲಿಲ್ಲ.

ರಂಗಶಂಕರದ ನಿಯಮ ನಾಟಕಕ್ಕೆ ಸರಿ. ನಟರು ಎದುರಿಗೇ ಇರುತ್ತಾರೆ, ಒಂದು ಫೋನ್ ರಿಂಗಾದರೆ ಅವರ ಲಯವೇ ಕೆಡುತ್ತದೆ. ಮಾಸ್ ಸಿನಿಮಾ ಮಾಡುವವರು ಚಪ್ಪಾಳೆಗೆ, ಶಿಳ್ಳೆಗೆ ಅಂತಲೇ ಡೈಲಾಗ್ ನಡುವೆ ಜಾಗ ಬಿಟ್ಟಿರುತ್ತಾರೆ. ಅದನ್ನು ಮೌನವಾಗಿ ನೋಡಿದರೆ ಆ ಜಾಗ ಖಾಲಿ ಹೊಡೆಯುತ್ತದೆ.

ಬಾಲ್ಕನಿ ಟಿಕೆಟ್
ಮೊದಲ ದಿನ ನೀವು ಹೇಳಿದ್ದು ಸರಿ. ಎರಡನೇ ವಾರ, ಮ್ಯಾಟ್ನಿಯಲ್ಲೂ ಅದೇ ಗಲಾಟೆ ಯಾಕೆ? ನನ್ನ ತಂದೆಗೆ ಎಪ್ಪತ್ತು ದಾಟಿದೆ. ಅವರಿಗೆ ಡೈಲಾಗ್ ಕೇಳಬೇಕು.

ಗಾಂಧಿ ಕ್ಲಾಸ್
ಅದಕ್ಕೇ ವಯಸ್ಸಾದವರನ್ನು ಎರಡನೇ ವಾರದ ಮಂಗಳವಾರವೋ ಬುಧವಾರವೋ ಕರೆದುಕೊಂಡು ಹೋಗಿ ಸರ್. ಟಿಕೆಟ್ಟೂ ಕಡಿಮೆ, ಜನವೂ ಕಡಿಮೆ.

ಬಸವನಗುಡಿ ಹುಡುಗಿ
ಎರಡನೇ ವಾರದ ಮಂಗಳವಾರದವರೆಗೆ ಕನ್ನಡ ಸಿನಿಮಾ ಇದ್ದರೆ ತಾನೇ? ನಮ್ಮ ಹತ್ತಿರದ ಮಾಲ್‌ನಲ್ಲಿ ಸಣ್ಣ ಕನ್ನಡ ಸಿನಿಮಾಗೆ ಬೆಳಿಗ್ಗೆ 9:30ರ ಶೋ, ಇಲ್ಲ ರಾತ್ರಿ 10:30ರ ಶೋ. ಸಂಜೆಯ ಶೋ ಎಲ್ಲ ಬೇರೆ ಭಾಷೆಗೆ. ಆಮೇಲೆ "ಜನ ಬರಲಿಲ್ಲ" ಅಂತ ಸೋಮವಾರ ತೆಗೆದೇ ಬಿಡುತ್ತಾರೆ. ಒಳ್ಳೆ ಸಿನಿಮಾ ಅಂತ ಗೊತ್ತಾಗುವ ಹೊತ್ತಿಗೆ ಅದು ಥಿಯೇಟರ್‌ನಲ್ಲಿ ಇರುವುದಿಲ್ಲ. ಮನೆಯಲ್ಲಿ ನೋಡುವವರನ್ನು ಬೈಯುವ ಮುಂಚೆ ಇದನ್ನೂ ಯೋಚನೆ ಮಾಡಿ.

ಸೆಕೆಂಡ್ ಶೋ
ಇದು ನೂರಕ್ಕೆ ನೂರು ಸತ್ಯ. ಆದರೆ ಜನ ಹಟ ಹಿಡಿದರೆ ಶೋ ಹೆಚ್ಚುತ್ತದೆ. 2025ರ ಜುಲೈನಲ್ಲಿ ಸು ಫ್ರಮ್ ಸೋ ಬಂದಾಗ ದೊಡ್ಡ ಸ್ಟಾರ್ ಇರಲಿಲ್ಲ, ದೊಡ್ಡ ಪ್ರಚಾರವೂ ಇರಲಿಲ್ಲ. ನೋಡಿದವರು ನಕ್ಕು ನಕ್ಕು ಹೊರಗೆ ಬಂದು ಇನ್ನೊಬ್ಬರಿಗೆ ಹೇಳಿದರು, ಶೋ ಏರುತ್ತಾ ಹೋಯಿತು. 2006ರ ಕೊನೆಯಲ್ಲಿ ಬಂದ ಮುಂಗಾರು ಮಳೆ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲೇ ಒಂದು ವರ್ಷಕ್ಕೂ ಜಾಸ್ತಿ ಓಡಿತು.

ಹೆಬ್ಬಾಳ ಫ್ಲೈಓವರ್
ಆ ನಗುವಿನ ವಿಷಯ ಸರಿಯಾಗಿ ಹೇಳಿದಿರಿ. ಕಾಮಿಡಿ ಸಿನಿಮಾವನ್ನು ಮನೆಯಲ್ಲಿ ಒಬ್ಬನೇ ಕೂತು ನೋಡಿದರೆ ಬರೀ ಮುಗುಳ್ನಗೆ ಬರುತ್ತದೆ. ಅದೇ ಜೋಕ್‌ಗೆ ಥಿಯೇಟರ್‌ನಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಯಾರೋ ಗುರುತಿಲ್ಲದ ಅಜ್ಜಿ ನಗುವುದು ನೋಡಿ ನಮಗೆ ಇನ್ನೂ ನಗು.

ಹಳೇ ಆಪರೇಟರ್
ನಾನು ಮೆಜೆಸ್ಟಿಕ್ ಕಡೆಯ ಒಂದು ಥಿಯೇಟರ್‌ನಲ್ಲಿ ಆಪರೇಟರ್ ಆಗಿದ್ದವನು. ಕ್ಯಾಬಿನ್‌ನ ಕಿಂಡಿಯಿಂದ ಪರದೆಗಿಂತ ಜನರನ್ನೇ ಜಾಸ್ತಿ ನೋಡಿದ್ದೇನೆ. ಅದಕ್ಕೆ ಎರಡು ಮಾತು.

ರೀಲು ಇದ್ದ ಕಾಲದಲ್ಲಿ 1000 ಅಡಿ ರೀಲು ಹೆಚ್ಚು ಕಡಿಮೆ 11 ನಿಮಿಷ ಓಡುತ್ತಿತ್ತು. ಎರಡೆರಡು ಸೇರಿಸಿ ಹಾಕುತ್ತಿದ್ದೆವು. ಎರಡು ಮಷೀನ್. ಒಂದು ಓಡುತ್ತಿರುವಾಗ ಇನ್ನೊಂದಕ್ಕೆ ಫಿಲ್ಮ್ ಪೋಣಿಸಿ ರೆಡಿ ಇಡಬೇಕು. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಮಿಂಚುತ್ತದೆ. ಅದು ಕಂಡ ಕೂಡಲೇ ಎರಡನೇ ಮಷೀನ್ ಮೋಟಾರ್ ಆನ್. ಕೆಲವು ಸೆಕೆಂಡ್ ಬಿಟ್ಟು ಇನ್ನೊಂದು ಚುಕ್ಕೆ, ಆಗ ಚೇಂಜ್ ಓವರ್, ಅಂದರೆ ಚಿತ್ರವನ್ನು ಮೊದಲ ಮಷೀನ್‌ನಿಂದ ಎರಡನೆಯದಕ್ಕೆ ಬದಲಾಯಿಸುವುದು. ಕಣ್ಣು ಮಿಟುಕಿಸಿದರೆ ಹೋಯಿತು. ಜೊತೆಗೆ ಕಾರ್ಬನ್ ಕಡ್ಡಿ ಉರಿಯುತ್ತಾ ಸವೆಯುತ್ತಿರುತ್ತದೆ, ಅದನ್ನು ಸರಿಸುತ್ತಾ ಇರಬೇಕು. ಇಲ್ಲದಿದ್ದರೆ ಪರದೆ ಹಳದಿಗೆ ತಿರುಗುತ್ತದೆ. ಕೆಲವು ಸಲ ಎರಡು ಥಿಯೇಟರ್‌ಗೆ ಒಂದೇ ಪ್ರಿಂಟ್. ಇಲ್ಲಿ ಮುಗಿದ ರೀಲನ್ನು ಹುಡುಗ ಸೈಕಲ್ ಮೇಲೆ ಅಲ್ಲಿಗೆ ಒಯ್ಯುತ್ತಿದ್ದ. ಅವನು ದಾರಿಯಲ್ಲಿ ಸಿಕ್ಕಿಕೊಂಡರೆ ಅಲ್ಲಿ ಇಂಟರ್ವೆಲ್ ಉದ್ದ.

ಚೇಂಜ್ ಓವರ್ ಅರ್ಧ ಸೆಕೆಂಡ್ ತಡ ಆದರೂ, ಫೋಕಸ್ ಒಂಚೂರು ಸರಿದರೂ, ಮುಂದಿನ ಬೆಂಚಿನಿಂದ "ಲೇಯ್ ಆಪರೇಟರ್!" ಅಂತ ಕೂಗು ಬರುತ್ತಿತ್ತು. ಆ ಕೂಗು ಕೇಳಿ ನನಗೆ ಎಂದೂ ಬೇಜಾರಾಗಿಲ್ಲ. ಜನ ಅಷ್ಟು ಗಮನ ಇಟ್ಟು ನೋಡುತ್ತಿದ್ದಾರೆ ಅನ್ನುವುದು ಅದರಿಂದಲೇ ಗೊತ್ತಾಗುತ್ತಿತ್ತು.

ಈಗ ಸಿನಿಮಾ ಹಾರ್ಡ್ ಡಿಸ್ಕ್‌ನಲ್ಲೋ ಸ್ಯಾಟಲೈಟ್ ಮೂಲಕವೋ ಬರುತ್ತದೆ. ಅದನ್ನು ತೆರೆಯಲು ಪಾಸ್‌ವರ್ಡ್ ತರಹದ ಕೀ ಕಳಿಸುತ್ತಾರೆ, ಟೈಮ್ ಸೆಟ್ ಮಾಡಿದರೆ ತಾನೇ ಓಡುತ್ತದೆ. ಕ್ಯಾಬಿನ್‌ನಲ್ಲಿ ಎಷ್ಟೋ ಹೊತ್ತು ಯಾರೂ ಇರುವುದಿಲ್ಲ. ಲ್ಯಾಂಪ್ ಹಳೆಯದಾಗಿ ಚಿತ್ರ ಮಂಕಾದರೂ ಯಾರೂ ಕೇಳುವುದಿಲ್ಲ. 3ಡಿ ಸಿನಿಮಾಗೆ ಹಾಕಿದ ಫಿಲ್ಟರನ್ನು ತೆಗೆಯದೆ 2ಡಿ ಸಿನಿಮಾ ಓಡಿಸಿದರೆ ಬೆಳಕು ಎಷ್ಟೋ ಕಡಿಮೆ ಆಗುತ್ತದೆ. ಆದರೂ ಮುನ್ನೂರು ಜನ ಸುಮ್ನೆ ಕೂತು ನೋಡಿ ಎದ್ದು ಹೋಗುತ್ತಾರೆ. ಹೊರಗೆ ಬಂದು "ಕ್ಯಾಮೆರಾ ಕೆಲಸ ಚೆನ್ನಾಗಿಲ್ಲ" ಅನ್ನುತ್ತಾರೆ. ಪಾಪ, ಆ ಕ್ಯಾಮೆರಾಮನ್ ಏನು ಮಾಡಿದ? ದಯವಿಟ್ಟು ಎದ್ದು ಹೋಗಿ ಹೇಳಿ. ಮಂಕಾಗಿದೆ, ಸೌಂಡ್ ಕಡಿಮೆ ಇದೆ, ಒಂದು ಸ್ಪೀಕರ್ ಬರುತ್ತಿಲ್ಲ ಅಂತ ಹೇಳಿ. ಹತ್ತು ಜನ ಹೇಳಿದರೆ ಸರಿ ಮಾಡುತ್ತಾರೆ.

ಬಸವನಗುಡಿ ಹುಡುಗಿ
ಸರ್, ಇದನ್ನು ಓದಿ ರೋಮಾಂಚನ ಆಯಿತು. ಆ ಚುಕ್ಕೆ ನಾನೂ ನೋಡಿದ್ದೇನೆ ಚಿಕ್ಕವಳಿದ್ದಾಗ. ಫಿಲ್ಮ್‌ಗೆ ಏನೋ ಗಾಯ ಆಗಿದೆ ಅಂದುಕೊಂಡಿದ್ದೆ.

ಶ್ರೀರಾಂಪುರ ಎಕ್ಸ್‌ಪ್ರೆಸ್
ಮೆಜೆಸ್ಟಿಕ್ ಅಂದ ಕೂಡಲೇ ಕಪಾಲಿ ಥಿಯೇಟರ್ ನೆನಪಾಯಿತು. ಅಂಥ ಪರದೆ ಇನ್ನೆಲ್ಲಿ? ಓಂ ಸಿನಿಮಾ ಅಲ್ಲಿ ಮತ್ತೆ ಮತ್ತೆ ಬಂತು, ಪ್ರತಿ ಸಲವೂ ಜನ. 2019ರಲ್ಲಿ ಮುಚ್ಚಿದ್ದು ಅಲ್ವಾ?

ಹಳೇ ಆಪರೇಟರ್
ಇಲ್ಲ, 2017. ಶುರುವಾಗಿದ್ದು 1968ರಲ್ಲಿ, ಸಿನೆರಮಾ ಪರದೆ ಜೊತೆ. ಬಾಗಿದ ಪರದೆ, ಪಕ್ಕದವರೆಗೂ ಚಿತ್ರ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯಲ್ಲಿ ಹೋಯಿತು. ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ.

ಶ್ರೀರಾಂಪುರ ಎಕ್ಸ್‌ಪ್ರೆಸ್
ಒಂದೊಂದೇ ಹೋಗುತ್ತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಲೆಕ್ಕದ ಪುಸ್ತಕ
ಭಾವನೆ ಎಲ್ಲ ಸರಿ, ಖರ್ಚಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಐದು ಜನರ ಮನೆ. ವೀಕೆಂಡ್ ಟಿಕೆಟ್ 300 ಅಂದರೂ 1500. ಅದರ ಮೇಲೆ ಆನ್‌ಲೈನ್ ಬುಕಿಂಗ್ ಫೀ, ಪಾರ್ಕಿಂಗ್, ಮಕ್ಕಳಿಗೆ ಪಾಪ್‌ಕಾರ್ನ್. ಎರಡೂವರೆ ಸಾವಿರ ಆರಾಮಾಗಿ ಹೋಗುತ್ತದೆ. ಅದೇ ಸಿನಿಮಾ ನಾಲ್ಕೈದು ವಾರ ಕಾದರೆ ಒಟಿಟಿಗೆ ಬರುತ್ತದೆ. ಮಧ್ಯಮ ವರ್ಗದವರು ಏನು ಮಾಡಬೇಕು?

2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ ದರ ತೆರಿಗೆ ಬಿಟ್ಟು 200 ರೂಪಾಯಿ ಮೀರುವ ಹಾಗಿಲ್ಲ ಅಂತ ಆದೇಶ ಮಾಡಿದಾಗ ಎಷ್ಟು ಖುಷಿ ಆಗಿತ್ತು. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. 2017ರಲ್ಲೂ ಇದೇ 200ರ ಮಾತು ಬಂದು ಹೋಗಿತ್ತು.

ಮಾರತಹಳ್ಳಿ ಮಲ್ಟಿಪ್ಲೆಕ್ಸ್
ಥಿಯೇಟರ್ ನಡೆಸುವವರ ಕಡೆಯಿಂದಲೂ ನೋಡಿ. ಬಾಡಿಗೆ, ಕರೆಂಟು, ಎಸಿ, ಸಂಬಳ. ಟಿಕೆಟ್ ದುಡ್ಡಿನಲ್ಲಿ ದೊಡ್ಡ ಪಾಲು ವಿತರಕರಿಗೆ ಹೋಗುತ್ತದೆ. ಅದಕ್ಕೇ ಪಾಪ್‌ಕಾರ್ನ್ ರೇಟು ಹಾಗಿರುವುದು. ದರ ಇಳಿಸಿದರೆ ಪರದೆಗಳೇ ಮುಚ್ಚುತ್ತವೆ.

ಲೆಕ್ಕದ ಪುಸ್ತಕ
ಜನ ಬರದೆ ಇದ್ದರೂ ಮುಚ್ಚುತ್ತವೆ. ಖಾಲಿ ಸೀಟಿಗೆ 350 ಇಟ್ಟು ಏನು ಪ್ರಯೋಜನ?

ತಿಂಡಿ ವಿಷಯಕ್ಕೆ ಒಂದು ಮಾತು, ಗೊತ್ತಿಲ್ಲದವರಿಗೆ. ಹೊರಗಿನ ತಿಂಡಿಯನ್ನು ಥಿಯೇಟರ್‌ನವರು ಬೇಡ ಅನ್ನಬಹುದು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕುಡಿಯುವ ನೀರು ಉಚಿತವಾಗಿ ಕೊಡಬೇಕು, ಕೈಕೂಸಿನ ಆಹಾರ ತಡೆಯಬಾರದು. ನೀರಿನ ಬಾಟಲಿಗೆ ದುಡ್ಡು ಕೊಡುವ ಮುಂಚೆ ಕುಡಿಯುವ ನೀರು ಎಲ್ಲಿದೆ ಅಂತ ಕೇಳಿ.

ಗಾಂಧಿ ಕ್ಲಾಸ್
ಜಾಹೀರಾತು ಮರೆತಿರಾ? ನಮ್ಮ ಬೆಂಗಳೂರಿನವರೇ ಒಬ್ಬರು ಕೇಸ್ ಹಾಕಿದ್ದರು. 4:05ರ ಶೋ, ಸಿನಿಮಾ ಶುರುವಾಗಿದ್ದು 4:30ಕ್ಕೆ. ನನ್ನ 25 ನಿಮಿಷ ಹಾಳಾಯಿತು ಅಂತ. 2025ರ ಫೆಬ್ರುವರಿಯಲ್ಲಿ ಗ್ರಾಹಕರ ಆಯೋಗ ಅವರ ಪರವಾಗಿ ತೀರ್ಪು ಕೊಟ್ಟು, ಟಿಕೆಟ್ ಮೇಲೆ ಸಿನಿಮಾ ಶುರುವಾಗುವ ನಿಜವಾದ ಸಮಯ ಹಾಕಿ ಅಂತ ಹೇಳಿತು. ಆಮೇಲೆ ಅದಕ್ಕೂ ಹೈಕೋರ್ಟ್‌ನಲ್ಲಿ ತಡೆ ಬಂತು. ಏನೇ ಇರಲಿ, ನಿಜವಾದ ಟೈಮ್ ಹಾಕುವುದರಲ್ಲಿ ಯಾರಿಗೂ ನಷ್ಟ ಇಲ್ಲ. ತಡವಾಗಿ ಬಂದು ಕತ್ತಲಲ್ಲಿ ಕಾಲು ತುಳಿದುಕೊಂಡು ಹೋಗುವವರು ಹೇಗೂ "ಜಾಹೀರಾತು ಇರುತ್ತೆ ಬಿಡು" ಅಂತಲೇ ತಡ ಮಾಡುವುದು.

ಕಿವಿ ಮಂದ
ನೀವೆಲ್ಲ ಥಿಯೇಟರ್ ಚೆನ್ನ, ಮನೆ ಚೆನ್ನ ಅಂತ ವಾದ ಮಾಡುತ್ತಿದ್ದೀರಿ. ನನಗೆ ಆಯ್ಕೆಯೇ ಇಲ್ಲ. ನನಗೆ ಎರಡೂ ಕಿವಿ ಮಂದ. ಹಿಯರಿಂಗ್ ಏಡ್ ಹಾಕಿಕೊಂಡು ಥಿಯೇಟರ್‌ಗೆ ಹೋದರೆ ಮ್ಯೂಸಿಕ್ ಎಲ್ಲ ಗದ್ದಲವಾಗಿ ಕೇಳಿಸುತ್ತದೆ, ಮಾತು ಅದರೊಳಗೆ ಮುಳುಗಿ ಹೋಗುತ್ತದೆ. ತುಟಿ ನೋಡಿ ತಿಳಿದುಕೊಳ್ಳೋಣ ಅಂದರೆ ನಟರು ಬೆನ್ನು ತಿರುಗಿಸಿ ಮಾತಾಡುತ್ತಾರೆ. ಡಬ್ಬಿಂಗ್ ಆಗಿದ್ದರೆ ತುಟಿಯೂ ಸುಳ್ಳು.

ಮನೆಯಲ್ಲಿ ಪರದೆ ಕೆಳಗೆ ಅಕ್ಷರ (ಸಬ್‌ಟೈಟಲ್) ಬರುತ್ತದೆ. ಅದೂ ಕನ್ನಡ ಸಿನಿಮಾಗೆ ಹೆಚ್ಚಾಗಿ ಇಂಗ್ಲಿಷ್ ಅಕ್ಷರ. ನನಗೆ ಓದಲು ಬರುತ್ತದೆ, ಸರಿ. ನಮ್ಮಮ್ಮನಿಗೂ ಈಗ ಕಿವಿ ಕೇಳಿಸುವುದಿಲ್ಲ, ಅವರಿಗೆ ಕನ್ನಡ ಮಾತ್ರ ಓದಲು ಬರುವುದು. ಕನ್ನಡದವರು ಮಾಡಿದ ಕನ್ನಡ ಸಿನಿಮಾಗೆ ಕನ್ನಡ ಅಕ್ಷರ ಹಾಕಲು ಏನು ಕಷ್ಟ? ಡೈಲಾಗ್ ಬರೆದ ಹಾಳೆ ಹೇಗೂ ಇರುತ್ತದೆ.

2024ರ ಮಾರ್ಚ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಕಿವಿ ಕೇಳಿಸದವರಿಗೆ ಅಕ್ಷರ, ಕಣ್ಣು ಕಾಣದವರಿಗೆ ದೃಶ್ಯ ವಿವರಣೆ ಕೊಡಬೇಕು ಅಂತ ಮಾರ್ಗಸೂಚಿ ತಂದಿದೆ. ನಿಮ್ಮ ಹತ್ತಿರದ ಥಿಯೇಟರ್‌ನಲ್ಲಿ ಇದರ ಬಗ್ಗೆ ವಿಚಾರಿಸಿ. ನಮ್ಮಂಥವರು ಮಾತ್ರ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸೆಕೆಂಡ್ ಶೋ
ಖಂಡಿತ ಕೇಳುತ್ತೇನೆ. ನನ್ನ ಗೆಳೆಯರಿಗೂ ಹೇಳುತ್ತೇನೆ.

ಬಾಲ್ಕನಿ ಟಿಕೆಟ್
ನಾನೂ ಕೇಳುತ್ತೇನೆ. ನಮ್ಮ ತಂದೆಗೂ ಇದು ಬೇಕೇ ಬೇಕು.

ಸೆಂಟರ್ ಸ್ಪೀಕರ್
ಪ್ರೊಜೆಕ್ಟರ್ ಪ್ರಶ್ನೆಗೆ ಬರುತ್ತೇನೆ. ಸೌಂಡ್ ಕೆಲಸ ಮಾಡುವವನು ನಾನು. ಮೇಡಂ, ದುಡ್ಡು ಖರ್ಚು ಮಾಡುವ ಮುಂಚೆ ಇರುವ ಟಿವಿಯನ್ನು ಸರಿ ಮಾಡಿಕೊಳ್ಳಿ. ರಿಮೋಟ್ ಕೈಗೆ ತಗೊಳ್ಳಿ.

ಮೊದಲು ಪಿಕ್ಚರ್ ಸೆಟ್ಟಿಂಗ್. ಅಂಗಡಿಯಲ್ಲಿ ಕಣ್ಣಿಗೆ ಹೊಡೆಯಲಿ ಅಂತ ಇಟ್ಟಿರುವ 'ವಿವಿಡ್' ಬಿಟ್ಟು 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್ ಮೋಡ್' ಹಾಕಿ. ಮೊದಲು ಎರಡು ದಿನ ಹಳದಿ ಅನ್ನಿಸುತ್ತದೆ, ಆಮೇಲೆ ಅದೇ ಸರಿ ಅನ್ನಿಸುತ್ತದೆ. ಎರಡನೆಯದು ತುಂಬಾ ಮುಖ್ಯ. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಇರುತ್ತದೆ. ಟಿವಿ ತಾನೇ ಬುದ್ಧಿ ಓಡಿಸಿ ನಡುವೆ ಇಲ್ಲದ ಫ್ರೇಮ್ ಸೇರಿಸುತ್ತದೆ. ಆಗ ಎಷ್ಟೇ ದುಡ್ಡು ಸುರಿದ ಸಿನಿಮಾ ಆದರೂ ಧಾರಾವಾಹಿ ತರಹ ಕಾಣುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಅಂತ ಇರುತ್ತದೆ. ಅದನ್ನು ಆಫ್ ಮಾಡಿ.

ಇನ್ನು ಮಾತು ಕೇಳಿಸುವುದಿಲ್ಲ, ಫೈಟ್ ಬಂದರೆ ಕಿವಿ ಒಡೆಯುತ್ತದೆ ಅನ್ನುವ ದೂರು. ಕಾರಣ ಇದೆ. ಥಿಯೇಟರ್ ಮಿಕ್ಸ್‌ನಲ್ಲಿ ಡೈಲಾಗ್ ಹೆಚ್ಚಾಗಿ ಪರದೆ ಹಿಂದಿನ ನಡುವಿನ ಸ್ಪೀಕರ್‌ನಿಂದ ಬರುತ್ತದೆ. ಮನೆ ಟಿವಿಗೆ ಆ ಸ್ಪೀಕರ್ ಇಲ್ಲ. ಇರುವ ಎರಡು ಪುಟ್ಟ ಸ್ಪೀಕರ್ ಎಷ್ಟೋ ಟಿವಿಗಳಲ್ಲಿ ಕೆಳಗೆ ಮುಖ ಮಾಡಿರುತ್ತವೆ. ಐದಾರು ಚಾನೆಲ್ ಸೌಂಡನ್ನು ಅದರೊಳಗೆ ತುರುಕಿದರೆ ಮಾತು ಮುಚ್ಚಿ ಹೋಗುತ್ತದೆ. ಆಪ್‌ನಲ್ಲಿ ಆಡಿಯೋ ಆಯ್ಕೆ ಇದ್ದರೆ 5.1 (ಆರು ಚಾನೆಲ್) ಬಿಟ್ಟು ಸ್ಟೀರಿಯೋ (ಎರಡು ಚಾನೆಲ್) ಹಾಕಿ. ಟಿವಿಯಲ್ಲಿ 'ನೈಟ್ ಮೋಡ್' ಇದ್ದರೆ ಆನ್ ಮಾಡಿ, ಜೋರು ಮತ್ತು ಮೆಲು ಸದ್ದಿನ ಅಂತರ ಕಡಿಮೆ ಆಗುತ್ತದೆ. ಖರ್ಚು ಮಾಡಲೇಬೇಕು ಅಂದರೆ ನಡುವಿನ ಸ್ಪೀಕರ್ ಇರುವ ಸೌಂಡ್‌ಬಾರ್ ತಗೊಳ್ಳಿ.

ಪ್ರೊಜೆಕ್ಟರ್ ಹಗಲಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಿಟಕಿಗೆ ದಪ್ಪ ಪರದೆ ಹಾಕಿ ಕೋಣೆ ಕತ್ತಲೆ ಮಾಡಬೇಕು, ಸೌಂಡ್‌ಗೆ ಬೇರೆ ಖರ್ಚು.

ಲೆಕ್ಕದ ಪುಸ್ತಕ
ಈಗಲೇ ಆ ಮೋಷನ್ ಆಫ್ ಮಾಡಿ ನೋಡಿದೆ. ಹೆಂಡತಿ "ಏನ್ ಮಾಡಿದ್ರಿ, ಚೆನ್ನಾಗ್ ಕಾಣ್ತಿದೆಯಲ್ಲ" ಅಂದಳು. ಧನ್ಯವಾದ ಸರ್.

ವಠಾರದ ಅಜ್ಜಿ
ಮೊಮ್ಮಗಳು ಈ ಚರ್ಚೆ ತೋರಿಸಿದಳು. ನಾನು ಹೇಳುತ್ತೇನೆ, ಅವಳು ಟೈಪ್ ಮಾಡುತ್ತಿದ್ದಾಳೆ.

ಮನೆಯಲ್ಲಿ ಸಿನಿಮಾ ನೆಟ್ಟಗೆ ನೋಡಲು ಆಗುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. 1981ರಲ್ಲಿ ಬೆಂಗಳೂರು ದೂರದರ್ಶನ ಬಂತು. ಆಮೇಲೆ ಕೆಲವು ವರ್ಷಕ್ಕೆ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಒಂದೇ ಒಂದು ಮನೆಗೆ ಟಿವಿ ಬಂತು. ಸಿನಿಮಾ ಇರುವ ದಿನ ಅಷ್ಟೂ ಮನೆಯವರು ಅಲ್ಲೇ. ಮಕ್ಕಳು ನೆಲದ ಮೇಲೆ, ಹೆಂಗಸರು ಗೋಡೆಗೆ ಒರಗಿ, ಗಂಡಸರು ಬಾಗಿಲಲ್ಲಿ ನಿಂತು. ಸಂಜೆ ಅಡಿಗೆ ಮೊದಲೇ ಮುಗಿಸಿ ಇಟ್ಟಿರುತ್ತಿದ್ದೆವು. ಜಾಹೀರಾತು ಬಂದಾಗ ಓಡಿ ಹೋಗಿ ಹಾಲು ಕಾಯಿಸಿ ಬರುತ್ತಿದ್ದೆವು. ಅಳುವ ಸೀನ್‌ಗೆ ಎಲ್ಲರೂ ಸೆರಗಲ್ಲಿ ಕಣ್ಣು ಒರೆಸಿಕೊಳ್ಳುವವರೇ. ಕರೆಂಟ್ ಹೋದರೆ ಉಳಿದ ಕಥೆಯನ್ನು ಥಿಯೇಟರ್‌ನಲ್ಲಿ ನೋಡಿದವರು ಹೇಳಬೇಕು. ಪಕ್ಕದ ಮನೆಯಾಕೆ ಎಷ್ಟು ಚೆನ್ನಾಗಿ ಹೇಳುತ್ತಿದ್ದಳು ಅಂದರೆ, ಕರೆಂಟ್ ಬಂದ ಮೇಲೂ ನಾವು ಅವಳ ಕಡೆಯೇ ತಿರುಗಿ ಕೂತಿರುತ್ತಿದ್ದೆವು.

ಆಗ ನಿಲ್ಲಿಸುವ ಬಟನ್ ಇರಲಿಲ್ಲ ಕಣಮ್ಮ. ಸಿನಿಮಾ ನಮಗೆ ಕಾಯುತ್ತಿರಲಿಲ್ಲ, ನಾವೇ ಅದಕ್ಕೆ ಕಾಯುತ್ತಿದ್ದೆವು.

ಬಸವನಗುಡಿ ಹುಡುಗಿ
ಅಜ್ಜಿ, ನಿಮಗೆ ನಮಸ್ಕಾರ. ಇನ್ನೂ ಬರೆಯಿರಿ.

ರಾತ್ರಿ ಪಾಳಿ
ಅಜ್ಜಿಯ ಮಾತಿಗೆ ಗೌರವ ಇಟ್ಟುಕೊಂಡೇ ನನ್ನದು ಹೇಳುತ್ತೇನೆ. ಪಾಜ್ ಬಟನ್ ಇಲ್ಲದಿದ್ದರೆ ನಾನು ಸಿನಿಮಾನೇ ನೋಡುತ್ತಿರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದಾರೆ. ರಾತ್ರಿ ಅವರನ್ನು ಮಗ್ಗುಲು ಬದಲಿಸಿ ಮಲಗಿಸಬೇಕು, ಔಷಧಿ ಕೊಡಬೇಕು. ಮೂರು ಗಂಟೆ ಹೊರಗೆ ಹೋಗುವ ಮಾತೇ ಇಲ್ಲ. ಅರ್ಧ ಗಂಟೆ ಅರ್ಧ ಗಂಟೆ ಸಿನಿಮಾ ನೋಡುತ್ತೇನೆ, ಹೆಡ್‌ಫೋನ್ ಹಾಕಿಕೊಂಡು, ಅವರ ಕೋಣೆಯ ಬಾಗಿಲಲ್ಲಿ ಕೂತು. ಆ ಅರ್ಧ ಗಂಟೆ ನಾನು ಫೋನ್ ಮುಟ್ಟುವುದಿಲ್ಲ. ತುಂಡು ತುಂಡಾಗಿ ನೋಡುವವರೆಲ್ಲ ಗಮನ ಕೊಡದವರು ಅಂತ ತಿಳಿಯಬೇಡಿ.

ಸೆಕೆಂಡ್ ಶೋ
ನಿಮ್ಮದು ನಿಜವಾಗಿ ನೋಡುವುದು ಸರ್. ಅದರಲ್ಲಿ ಎರಡು ಮಾತಿಲ್ಲ. ನಾನು ಬೈಯುವುದು ಆ ಅರ್ಧ ಗಂಟೆಯೂ ಪರದೆ ಮೇಲೆ ಕಣ್ಣಿಡದವರನ್ನು. ಅವರು ಥಿಯೇಟರ್‌ನಲ್ಲಿದ್ದರೂ ಅಷ್ಟೆ, ಮನೆಯಲ್ಲಿದ್ದರೂ ಅಷ್ಟೆ.

ಮಾರತಹಳ್ಳಿ ಮಲ್ಟಿಪ್ಲೆಕ್ಸ್
1.5 ಸ್ಪೀಡ್‌ನಲ್ಲಿ ಸಿನಿಮಾ ನೋಡುವವರೂ ಇದ್ದಾರೆ. ನನ್ನ ಆಫೀಸ್‌ನಲ್ಲೇ ಇದ್ದಾರೆ. ಹಾಡು ಬಂದರೆ ಹತ್ತು ಸೆಕೆಂಡ್, ಹತ್ತು ಸೆಕೆಂಡ್ ಮುಂದೆ.

ಸೆಂಟರ್ ಸ್ಪೀಕರ್
ಅಯ್ಯೋ. ಒಂದು ಸೀನ್‌ನ ಮೌನ ಎಷ್ಟು ಉದ್ದ ಇರಬೇಕು ಅಂತ ನಾವು ದಿನಗಟ್ಟಲೆ ಕೂತು ಕೆಲಸ ಮಾಡುತ್ತೇವೆ. ದಯವಿಟ್ಟು ಹಾಗೆ ನೋಡಬೇಡಿ ಅಂತ ಅವರಿಗೆ ಹೇಳಿ.

ವಿಜಯನಗರದ ಸೊಸೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಜಮಾನರಿಗೆ ಪೂರ್ತಿ ಓದಿ ಹೇಳಿದೆ. ಪ್ರೊಜೆಕ್ಟರ್ ಸದ್ಯಕ್ಕೆ ಬೇಡ ಅಂತ ಆಯಿತು, ಸೌಂಡ್‌ಬಾರ್ ನೋಡುತ್ತಿದ್ದೇವೆ. ವಾರಕ್ಕೆ ಒಂದು ಸಂಜೆ ಅಡಿಗೆ ಮುಗಿಸಿ, ಫೋನ್‌ಗಳನ್ನೆಲ್ಲ ದೇವರ ಮನೆ ಪಕ್ಕದ ಶೆಲ್ಫ್ ಮೇಲಿಟ್ಟು, ಮಧ್ಯೆ ಒಂದೇ ಒಂದು ಇಂಟರ್ವೆಲ್ ಇಟ್ಟು ನೋಡೋಣ ಅಂದಿದ್ದೇನೆ. ಮಕ್ಕಳು ಒಪ್ಪಿದ್ದಾರೆ. ಯಜಮಾನರು "ಆಫೀಸ್ ಕಾಲ್ ಬಂದರೆ?" ಅಂತ ಕೇಳುತ್ತಿದ್ದಾರೆ.

ಇನ್ನೊಂದು ಪ್ರಶ್ನೆ. ಅತ್ತೆಗೆ ದೊಡ್ಡ ಪರದೆಯಲ್ಲೇ ನೋಡುವ ಆಸೆ. ಮೆಟ್ಟಿಲು ಹತ್ತಲು ಆಗುವುದಿಲ್ಲ, ಜೋರು ಸೌಂಡ್ ಆಗುವುದಿಲ್ಲ. ಏನು ಮಾಡಲಿ?

ಗಾಂಧಿ ಕ್ಲಾಸ್
ಬುಕ್ ಮಾಡುವ ಮುಂಚೆ ಫೋನ್ ಮಾಡಿ ಲಿಫ್ಟ್ ಯಾವ ಸಾಲಿನ ಹತ್ತಿರ ಬಿಡುತ್ತದೆ ಅಂತ ಕೇಳಿ ಅಕ್ಕ. ಕೆಲವು ಕಡೆ ಬಾಗಿಲು ಪರದೆ ಹತ್ತಿರ ಇರುತ್ತದೆ, ಅಲ್ಲಿಂದ ಮೇಲೆ ಹತ್ತಬೇಕು. ಕೆಲವು ಕಡೆ ಹಿಂದಿನಿಂದ ಒಳಗೆ ಬರಬಹುದು. ಹೋದ ಮೇಲೆ ಪೇಚಾಡುವುದಕ್ಕಿಂತ ಮೊದಲೇ ಕೇಳುವುದು ವಾಸಿ. ನೆಲದ ಮಟ್ಟದಲ್ಲೇ ಸೀಟು ಇರುವ ಹಳೇ ಸಿಂಗಲ್ ಸ್ಕ್ರೀನ್ ಸಿಕ್ಕರೆ ಇನ್ನೂ ಸುಲಭ.

ಶ್ರೀರಾಂಪುರ ಎಕ್ಸ್‌ಪ್ರೆಸ್
ಲಾಲ್‌ಬಾಗ್ ರಸ್ತೆಯ ಊರ್ವಶಿಗೆ ಕರೆದುಕೊಂಡು ಹೋಗಿ. ಸೌಂಡ್ ಅಂದರೆ ಊರ್ವಶಿ. ಸಿನಿಮಾ ಮುಗಿದ ಮೇಲೆ ಎಂಟಿಆರ್‌ನಲ್ಲಿ ದೋಸೆ, ಹತ್ತಿರದಲ್ಲೇ ಇದೆ.

ಬಾಲ್ಕನಿ ಟಿಕೆಟ್
ಜೋರು ಸೌಂಡ್ ಆಗುವುದಿಲ್ಲ ಅಂದರು, ನೀವು ಊರ್ವಶಿ ಅನ್ನುತ್ತೀರಲ್ಲ!

ಹಳೇ ಆಪರೇಟರ್
ಜೋರು ಬೇರೆ, ಸ್ಪಷ್ಟ ಬೇರೆ. ಸ್ಪೀಕರ್ ಚೆನ್ನಾಗಿದ್ದರೆ ಕಿವಿಗೆ ಹಿಂಸೆ ಆಗುವುದಿಲ್ಲ. ಯಾವ ಥಿಯೇಟರ್ ಆದರೂ ಪರದೆಗೂ ಹಿಂದಿನ ಗೋಡೆಗೂ ನಡುವೆ, ಪರದೆಯಿಂದ ಮೂರರಲ್ಲಿ ಎರಡು ಪಾಲು ದೂರದಲ್ಲಿ, ಸಾಲಿನ ಮಧ್ಯದ ಸೀಟು ಹಿಡಿಯಿರಿ. ಸೌಂಡ್ ಸೆಟ್ ಮಾಡುವವರು ಆ ಜಾಗದಲ್ಲೇ ಮೈಕ್ ಇಟ್ಟು ಅಳೆಯುವುದು. ಪಕ್ಕದ ಗೋಡೆಗೆ ಅಂಟಿದ ಸೀಟು ಬೇಡ, ಸರೌಂಡ್ ಸ್ಪೀಕರ್ ಕಿವಿಯ ಮೇಲೇ ಇರುತ್ತದೆ. ಅಮ್ಮನವರಿಗೆ ಸ್ವಲ್ಪ ಹತ್ತಿ ಕೊಟ್ಟಿರಿ, ಫೈಟ್ ಬಂದಾಗ ಇಟ್ಟುಕೊಳ್ಳಲಿ. ಮ್ಯಾಟ್ನಿಗೆ ಹೋಗಿ, ರಜಾದಿನ ಬೇಡ.